ಭತ್ತದ ಧೂಳು ಮತ್ತು ನಮ್ಮ ಪಿಕಪ್ಪಿನ ಎಸಿ

ನಮ್ಮದು ಸಿಂಧನೂರು ಕಡೆಯ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ಭತ್ತ ಬೆಳೆಯುವ ಸೀಮೆ. ಏಪ್ರಿಲ್ ಬಂತೆಂದರೆ ಎರಡನೇ ಬೆಳೆಯ ಕಟಾವು ಶುರು, ಅದರ ಜೊತೆಗೇ ಬಿಸಿಲು ಏರುತ್ತದೆ. 41, 42 ಡಿಗ್ರಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಮನೆಯಲ್ಲಿರುವುದು ಡಬಲ್ ಕ್ಯಾಬಿನ್ ಪಿಕಪ್, ಡೀಸೆಲ್ ಗಾಡಿ. ಗೊಬ್ಬರ, ಬೀಜ, ಪಂಪಿನ ಮೋಟರ್ ಎಲ್ಲ ಹೇರುವುದು ಅದರಲ್ಲೇ. ಅವ್ವನನ್ನು ರಾಯಚೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಅದರಲ್ಲೇ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ರಸ್ತೆ ಕೆಲಸ ನಡೆದಿದ್ದ ಕಡೆ ಇಪ್ಪತ್ತು ನಿಮಿಷ ನಿಲ್ಲಬೇಕಾಯಿತು. ಗಾಡಿ ಓಡುವಾಗ ಅಷ್ಟಿಷ್ಟು ತಣ್ಣಗೆ ಬರುತ್ತಿದ್ದ ಗಾಳಿ ನಿಂತ ಐದೇ ನಿಮಿಷಕ್ಕೆ ಉಗುರುಬೆಚ್ಚಗಾಯಿತು. ಹಿಂದೆ ಕೂತ ಅವ್ವ ಬಾಟಲಿ ನೀರಿನಲ್ಲಿ ಟವೆಲ್ ನೆನೆಸಿ ತಲೆ ಮೇಲೆ ಹಾಕಿಕೊಂಡಳು. ಒಂದು ಮಾತೂ ಆಡಲಿಲ್ಲ. ಈ ಎಸಿಯನ್ನು ಸರಿ ಮಾಡಲೇಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ಅದಕ್ಕೆ ಮೊದಲು ಎರಡು ಸಲ ಗ್ಯಾಸ್ ತುಂಬಿಸಿ ಆಗಿತ್ತು. ಎರಡು ಕಡೆಯೂ ಅದೇ ಮಾತು: "ಗ್ಯಾಸ್ ಕಮ್ಮಿ ಆಗ್ಯದ್ರಿ, ಸ್ವಲ್ಪ ಹಾಕಿಬಿಡ್ತೀನಿ." ಒಬ್ಬರಂತೂ ಇಂಜಿನ್ ಆಫ್ ಇರುವಾಗಲೇ ಒತ್ತಡ ಅಳೆಯುವ ಗೇಜ್ ಹಚ್ಚಿ, ಮುಳ್ಳು ನೋಡಿ ಹಾಗೆ ಹೇಳಿದರು. ಗ್ಯಾಸ್ ಹಾಕಿದ ಮೇಲೆ ಮೂರ್ನಾಲ್ಕು ದಿನ ಪರವಾಗಿಲ್ಲ ಅನಿಸುತ್ತಿತ್ತು, ಆಮೇಲೆ ಮತ್ತೆ ಹಳೇ ಪಾಡು. ಈಗ ಅನಿಸುತ್ತದೆ, ಆ ಮೂರ್ನಾಲ್ಕು ದಿನದ ಸಮಾಧಾನವೂ ಬರೀ ನನ್ನ ಆಸೆಯೇ ಇರಬೇಕು. ಯಾಕಂದರೆ ಆಗ ನಾನು ಏನನ್ನೂ ಅಳೆದಿರಲಿಲ್ಲ.

ಹಾಗಾಗಿ ಮೊದಲು ಕೊಂಡಿದ್ದು ಥರ್ಮಾಮೀಟರ್. ಉದ್ದ ವೈರಿನ ತುದಿಗೆ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್, ಇನ್ನೂರು ಚಿಲ್ಲರೆ ರೂಪಾಯಿ. ಈ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಸಾಮಾನು ಇದೇ. ಸೆನ್ಸರನ್ನು ಡ್ಯಾಶ್‌ಬೋರ್ಡಿನ ನಡುವಿನ ಕಿಂಡಿಯೊಳಗೆ ಎರಡು ಇಂಚು ತೂರಿಸಿದೆ. ಒಂದು ನಿಯಮ ಹಾಕಿಕೊಂಡೆ. ಯಾವಾಗ ಅಳೆದರೂ ಮಧ್ಯಾಹ್ನ ಎರಡರ ಸುಮಾರಿಗೆ, ಅಂಗಳದ ಅದೇ ಜಾಗದಲ್ಲಿ, ಬಿಸಿಲಲ್ಲೇ. ಬ್ಲೋವರ್ ಎರಡರಲ್ಲಿ, ಒಳಗಿನ ಗಾಳಿಯೇ ತಿರುಗುವ ಹಾಗೆ ಸ್ವಿಚ್, ಹತ್ತು ನಿಮಿಷ ಬಿಟ್ಟು ನೋಡುವುದು. ಆಮೇಲೆ ಕಾಲುವೆ ರಸ್ತೆಯಲ್ಲಿ 60ರ ವೇಗದಲ್ಲಿ ಓಡಿಸಿ ಇನ್ನೊಂದು ಅಳತೆ. ಎಲ್ಲವನ್ನೂ ಹಳೆ ಗೊಬ್ಬರದ ಬಿಲ್ಲಿನ ಹಿಂದೆ ಬರೆದಿಟ್ಟೆ.

ಮೊದಲ ದಿನದ ಲೆಕ್ಕ ಹೀಗಿತ್ತು. ಹೊರಗೆ 41 ಡಿಗ್ರಿ. ನಿಂತಾಗ ಕಿಂಡಿಯ ಗಾಳಿ 22, ಓಡುವಾಗ 14.

ಈ ಎರಡು ಅಂಕಿಗಳ ನಡುವಿನ ಅಂತರವೇ ಅರ್ಧ ಕಥೆ ಹೇಳುತ್ತದೆ. ಗ್ಯಾಸ್ ನಿಜವಾಗಿ ಕಮ್ಮಿ ಇದ್ದರೆ ಓಡಿದರೂ ತಣ್ಣಗೆ ಬರುವುದು ಕಷ್ಟ. ನಿಂತಾಗ ಕೆಟ್ಟದಾಗಿ, ಓಡುವಾಗ ಚೆನ್ನಾಗಿ ಬರುತ್ತಿದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಮುಂದಿನ ಕಂಡೆನ್ಸರ್ ಮೇಲೆ ಹಾಯುವ ಗಾಳಿಯನ್ನು. ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಕ್ಯಾಬಿನ್ನಿನ ಬಿಸಿಯನ್ನು ಹೊತ್ತು ಹೊರಗೆ ಚೆಲ್ಲುತ್ತದೆ, ಅಷ್ಟೇ. ಚೆಲ್ಲುವ ಜಾಗ ಕಟ್ಟಿಕೊಂಡರೆ ಎಷ್ಟು ಗ್ಯಾಸ್ ತುಂಬಿದರೂ ಪ್ರಯೋಜನವಿಲ್ಲ.

ಊರಿನಲ್ಲಿ ಟ್ರ್ಯಾಕ್ಟರ್, ಕಾರು ಎರಡೂ ನೋಡುವ ಮೆಕ್ಯಾನಿಕ್ ಒಬ್ಬರಿದ್ದಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು, ನಾನು ಕಾಕಾ ಅಂತಲೇ ಕರೆಯುವುದು. ಅವರ ಬಳಿ ಎಸಿ ಗೇಜ್ ಇತ್ತು. ಒಂದು ಭಾನುವಾರ ಕರೆತಂದೆ. ಇಂಜಿನ್ ಚಾಲೂ ಮಾಡಿ ಗೇಜ್ ಹಚ್ಚಿದರೆ ಕೆಳಗಿನ ಒತ್ತಡ (ಒಳಗೆ ತಣಿಸುವ ಕಡೆಯದು) 58 ಪಿಎಸ್‌ಐ, ಮೇಲಿನದು (ಕಂಡೆನ್ಸರ್ ಕಡೆಯದು) 330. ಪಿಎಸ್‌ಐ ಅನ್ನುವುದು ಒತ್ತಡದ ಅಳತೆ.

"ಗ್ಯಾಸ್ ಕಮ್ಮಿ ಅಲ್ಲೋ ತಮ್ಮಾ, ಇದು ಉಸಿರುಗಟ್ಟ್ಯದ," ಅಂದರು ಕಾಕಾ.

ಆ ಅಂಕಿಗಳ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಗಾಡಿಯಲ್ಲಿರುವುದು ಆರ್-134ಎ ಗ್ಯಾಸ್. ಅದು ಯಾವ ಒತ್ತಡದಲ್ಲಿ ಎಷ್ಟು ಡಿಗ್ರಿಗೆ ಕುದಿಯುತ್ತದೆ ಅನ್ನುವುದಕ್ಕೆ ಪಕ್ಕಾ ಲೆಕ್ಕವಿದೆ. ಗೇಜಿನ ಒಳ ವೃತ್ತದಲ್ಲೇ ಅದನ್ನು ಬರೆದಿರುತ್ತಾರೆ. 58 ಪಿಎಸ್‌ಐಗೆ ಸುಮಾರು 16 ಡಿಗ್ರಿ. ಅಂದರೆ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ಲೇ 16ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಅದರ ಮೇಲೆ ಹಾಯ್ದು ಬರುವ ಗಾಳಿ 10 ಡಿಗ್ರಿ ಆಗುವುದು ಹೇಗೆ? 35 ಪಿಎಸ್‌ಐ ಹತ್ತಿರ ಬಂದರೆ ಕಾಯಿಲ್ 4-5 ಡಿಗ್ರಿಗೆ ಇಳಿಯುತ್ತದೆ. ಇತ್ತ ಮೇಲಿನ 330 ಅಂದರೆ ಮುಂದಿನ ಕಂಡೆನ್ಸರಿನಲ್ಲಿ ಗ್ಯಾಸ್ ದ್ರವವಾಗುತ್ತಿರುವುದು 75 ಡಿಗ್ರಿಯಲ್ಲಿ. ಹೊರಗಿನ ಬಿಸಿಲು 41. ಅಷ್ಟು ಅಂತರ ಬೇಕಾಗುತ್ತಿದೆ ಅಂದರೆ ಬಿಸಿ ಹೊರಗೆ ಹೋಗಲು ದಾರಿಯೇ ಸಿಗುತ್ತಿಲ್ಲ ಅಂತ ಅರ್ಥ, ಅಲ್ವಾ?

ಇಂಜಿನ್ ಆಫ್ ಇರುವಾಗ ನೋಡಿ ಹೇಳುವುದು ಯಾಕೆ ತಪ್ಪು ಅನ್ನುವುದೂ ಇದೇ ಲೆಕ್ಕದಲ್ಲಿ ಇದೆ. ಸುಮ್ನೆ ನಿಂತ ಗಾಡಿಯಲ್ಲಿ ಎರಡೂ ಮುಳ್ಳು ಒಂದೇ ಕಡೆ ನಿಲ್ಲುತ್ತವೆ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೆ ಸಾಕು, 35 ಡಿಗ್ರಿಗೆ ಸುಮಾರು 114, 40ಕ್ಕೆ ಸುಮಾರು 133. ಅರ್ಧ ಕೆಜಿ ಇದ್ದರೂ ಅಷ್ಟೇ, ಮುಕ್ಕಾಲು ಕೆಜಿ ಇದ್ದರೂ ಅಷ್ಟೇ. ಗ್ಯಾಸ್ ಪೂರ್ತಿ ಖಾಲಿಯಾಗಿದೆಯೋ ಇಲ್ಲವೋ ಅಂತ ಅದರಿಂದ ತಿಳಿಯಬಹುದು, ಎಷ್ಟಿದೆ ಅಂತ ತಿಳಿಯುವುದಿಲ್ಲ.

ಕಾಕಾ ಒಂದು ಬಕೆಟ್ ನೀರು ತರಿಸಿದರು. ಗಾಡಿ ಚಾಲೂ ಇರುವಾಗಲೇ ಮುಂದಿನ ಜಾಲರಿಯ ಮೂಲಕ ಚೊಂಬಿನಿಂದ ನಿಧಾನವಾಗಿ ಕಂಡೆನ್ಸರ್ ಮೇಲೆ ಹಾಕುತ್ತಾ ಹೋದರು. ನಾನು ಗೇಜ್ ಹಿಡಿದು ನಿಂತಿದ್ದೆ. ಮೊದಲ ಚೊಂಬಿಗೆ ಚುರ್ ಅಂತ ಹಬೆ ಎದ್ದಿತು. ಕೆಂಪು ಗೇಜಿನ ಮುಳ್ಳು ಒಮ್ಮೆ ನಡುಗಿ ಇಳಿಯತೊಡಗಿತು. 330, 300, 270. ಬಕೆಟ್ ಅರ್ಧವಾಗುವ ಹೊತ್ತಿಗೆ 240. ಒಳಗೆ ಕೂತಿದ್ದ ನನ್ನ ಮಗ ಥರ್ಮಾಮೀಟರ್ ಓದಿ ಕೂಗುತ್ತಿದ್ದ: "ಹತ್ತೊಂಬತ್ತು... ಹದಿನೇಳು... ಹದಿನಾರು!" ಒಂದು ಹನಿ ಗ್ಯಾಸ್ ಹಾಕದೆ 6 ಡಿಗ್ರಿ ಇಳಿದಿತ್ತು. ಅಷ್ಟು ಹೊತ್ತೂ ರೋಗ ಎಲ್ಲಿದೆ ಅಂತ ಹುಡುಕುತ್ತಿದ್ದ ನನಗೆ ಅದು ಕಣ್ಣೆದುರೇ ನಿಂತ ಹಾಗಾಯಿತು. ನಿಮ್ಮ ಗಾಡಿಗೂ ಈ ಪರೀಕ್ಷೆ ಮಾಡಬಹುದು, ಗೇಜ್ ಇಲ್ಲದಿದ್ದರೆ ಥರ್ಮಾಮೀಟರ್ ಒಂದೇ ಸಾಕು. ತಿರುಗುವ ಫ್ಯಾನಿನಿಂದ ಕೈ, ಬಟ್ಟೆ ದೂರ ಇರಲಿ. ನೀರು ಆಲ್ಟರ್ನೇಟರ್ ಮೇಲೆ ಬೀಳದಿರಲಿ.

ಮಾರನೇ ದಿನ ಗ್ರಿಲ್ ಬಿಚ್ಚಿದೆ. ಎಲ್ಲಾ 10ರ ಬೋಲ್ಟು, ಎರಡು ಪ್ಲಾಸ್ಟಿಕ್ ಲಾಕು. ಕಂಡೆನ್ಸರಿನ ಮುಂದಿನ ಮುಖ ನೋಡಿದರೆ ಅಷ್ಟೇನೂ ಕೆಟ್ಟಿಲ್ಲ. ಒಂದಿಷ್ಟು ಹುಳ, ಒಂದಿಷ್ಟು ಮಣ್ಣು. ಮೋಸ ಇದ್ದಿದ್ದು ಹಿಂದೆ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಒಂದು ಬೆರಳಿನಷ್ಟು ಸಂದಿ ಇರುತ್ತದೆ. ಅಲ್ಲಿ ಟಾರ್ಚ್ ಬಿಟ್ಟರೆ ರೇಡಿಯೇಟರಿನ ಫಿನ್ನುಗಳೇ ಕಾಣಲಿಲ್ಲ. ಭತ್ತದ ಹೊಟ್ಟು, ಕಟಾವು ಯಂತ್ರದ ಧೂಳು, ಡೀಸೆಲ್ ಎಣ್ಣೆಯ ಜಿಡ್ಡು ಎಲ್ಲ ಸೇರಿ ಕಂಬಳಿಯ ಹಾಗೆ ಒಂದು ಪದರ ಆಗಿತ್ತು. ಬೆರಳಿನಿಂದ ಎಳೆದರೆ ಅಂಗೈ ಅಗಲದ ತುಂಡುಗಳಾಗಿ ಬಂತು. ಅದರೊಳಗೆ ಮೊಳಕೆ ಒಡೆದು ಒಣಗಿದ ಭತ್ತದ ಕಾಳು ಕೂಡ ಇತ್ತು! ಮಳೆಗಾಲದಲ್ಲಿ ನೆನೆದು ಮೊಳೆತಿರಬೇಕು. ಮುಂದಿನಿಂದ ಎಷ್ಟು ತೊಳೆಸಿದರೂ ಈ ಪದರ ಇನ್ನೂ ಒತ್ತಿ ಕೂರುತ್ತದೆಯೇ ಹೊರತು ಹೊರಗೆ ಬರುವುದಿಲ್ಲ.

ತೊಳೆಯುವುದಕ್ಕೆ ಮೊದಲು ಒಂದು ಮಾತು. ಹಿಂದೊಮ್ಮೆ ವಾಟರ್ ಸರ್ವಿಸ್‌ಗೆ ಬಿಟ್ಟಾಗ ಜೋರು ಒತ್ತಡದ ನೀರು ಹೊಡೆದು ಕಂಡೆನ್ಸರಿನ ಎಡಮೂಲೆಯ ಫಿನ್ನುಗಳನ್ನು ಮಲಗಿಸಿಬಿಟ್ಟಿದ್ದರು. ಫಿನ್ನು ಅಂದರೆ ಕಾಗದದಷ್ಟು ತೆಳು ಅಲ್ಯುಮಿನಿಯಂ, ಮಲಗಿದ ಜಾಗದಲ್ಲಿ ಗಾಳಿ ದಾಟುವುದೇ ಇಲ್ಲ. ಆ ಅಂಗೈಯಗಲದ ಜಾಗವನ್ನು ಮೊಂಡು ಚಾಕುವಿನ ತುದಿಯಿಂದ ಒಂದೊಂದೇ ಸಾಲು ಎಬ್ಬಿಸಲು ನನಗೆ ಒಂದು ಇಡೀ ಸಂಜೆ ಹಿಡಿಯಿತು. ಅದಕ್ಕೇ ಅಂತ ಬಾಚಣಿಗೆ ಥರದ ಸಾಧನ ಸಿಗುತ್ತದೆ, ನಮ್ಮೂರಲ್ಲಿ ಸಿಗಲಿಲ್ಲ.

ಕಂಡೆನ್ಸರಿನ ಮೇಲಿನ ಎರಡು ಬೋಲ್ಟು ಸಡಿಲಿಸಿ, ಪೈಪಿಗೆ ಎಳೆತ ಬೀಳದಷ್ಟು ಮಾತ್ರ ಮುಂದಕ್ಕೆ ವಾಲಿಸಿದೆವು. ಗ್ಯಾಸ್ ಪೈಪ್ ಬಿಚ್ಚಲಿಲ್ಲ. ಒಣ ಕಸವನ್ನು ಮೊದಲು ಕೈಯಿಂದ, ಆಮೇಲೆ ಪೇಂಟ್ ಬ್ರಷ್ಷಿನಿಂದ ತೆಗೆದೆ. ಜಿಡ್ಡಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಚಿಮುಕಿಸಿ ಕಾಲು ಗಂಟೆ ಬಿಟ್ಟೆ. ಬಾತ್‌ರೂಮಿನ ಆ್ಯಸಿಡ್ ಹಾಕಿ ಅಂತ ಒಬ್ಬರು ಹೇಳಿದ್ದರು. ದಯವಿಟ್ಟು ಬೇಡ, ಅದು ಅಲ್ಯುಮಿನಿಯಂ ತಿನ್ನುತ್ತದೆ. ಸಾದಾ ಹೋಸ್ ಪೈಪಿನ ನೀರನ್ನು ಇಂಜಿನ್ ಕಡೆಯಿಂದ ಮುಂದಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ ಬಿಟ್ಟೆ. ಅಂಗಳಕ್ಕೆ ಕಪ್ಪು ನೀರು ಹರಿಯಿತು. ಅದು ತಿಳಿಯಾಗಲು ಮುಕ್ಕಾಲು ಗಂಟೆ ಬೇಕಾಯಿತು.

ಒಣಗಿದ ಮೇಲೆ ಅಳತೆ: ನಿಂತಾಗ 18, ಓಡುವಾಗ 12. ಖರ್ಚು ಸೋಪಿನ ಪುಡಿಯಷ್ಟೇ.

ಆದರೂ ಓಡುವಾಗಿನ 12 ಸಮಾಧಾನ ಕೊಡಲಿಲ್ಲ. 60ರ ವೇಗದಲ್ಲಿ ಗಾಳಿ ಬೇಕಾದಷ್ಟು ಹಾಯುತ್ತದೆ, ಹಾಗಿದ್ದೂ 12 ಯಾಕೆ? ಎಲ್ಲೋ ಒಳಗೆ ಬಿಸಿ ಬೆರೆಯುತ್ತಿದೆ ಅನಿಸಿತು. ಎಸಿ ಗಾಡಿಯಲ್ಲಿ ಹೀಟರ್ ಕಾಯಿಲ್ ಇರುತ್ತದೆ ಅನ್ನುವುದನ್ನೇ ನಮ್ಮ ಕಡೆಯವರು ಮರೆತಿರುತ್ತೇವೆ. ರಾಯಚೂರು ಜಿಲ್ಲೆಯಲ್ಲಿ ಹೀಟರ್ ಯಾರಿಗೆ ಬೇಕು! ಆದರೆ ಅದು ಅಲ್ಲೇ, ಕೂಲಿಂಗ್ ಕಾಯಿಲ್ ಪಕ್ಕದಲ್ಲೇ ಕೂತಿರುತ್ತದೆ. ಇಂಜಿನ್ನಿನ ಬಿಸಿ ನೀರು ಅದರೊಳಗೆ ಹೋಗದಂತೆ ತಡೆಯಲು ನಮ್ಮ ಗಾಡಿಯಲ್ಲಿ ಕೇಬಲ್ಲಿನಿಂದ ತಿರುಗುವ ಒಂದು ಚಿಕ್ಕ ಕಾಕ್ (ನಲ್ಲಿಯಂಥ ವಾಲ್ವ್) ಇದೆ.

ಇಂಜಿನ್ನಿಂದ ಡ್ಯಾಶ್‌ಬೋರ್ಡಿಗೆ ಹೋಗುವ ಎರಡು ರಬ್ಬರ್ ಹೋಸ್ ಮುಟ್ಟಿ ನೋಡಿದೆ. ನಾಬ್ ಪೂರ್ತಿ ನೀಲಿ ಕಡೆಗಿದೆ, ಆದರೂ ಕಾಕ್ ದಾಟಿದ ಮೇಲಿನ ಹೋಸ್ ಕೈ ಸುಡುವಷ್ಟು ಬಿಸಿ. ಬಟ್ಟೆ ಸುತ್ತಿ ಇಕ್ಕಳದಿಂದ ಅದನ್ನು ಒತ್ತಿ ಹಿಡಿದೆ. ಐದು ನಿಮಿಷದಲ್ಲಿ ಕಿಂಡಿಯ ಗಾಳಿ 3 ಡಿಗ್ರಿ ಇಳಿಯಿತು.

ಬಗ್ಗಿ ನೋಡಿದರೆ ಕೇಬಲ್ ಹಿಡಿದಿರುವ ತಂತಿ ಕ್ಲಿಪ್ ಅರ್ಧ ಇಂಚು ಜಾರಿತ್ತು. ಒಳಗೆ ನಾಬ್ ಕೊನೆಯವರೆಗೆ ತಿರುಗಿದರೂ ಹೊರಗೆ ಕಾಕ್ ಪೂರ್ತಿ ಮುಚ್ಚುತ್ತಿರಲಿಲ್ಲ. ಎಷ್ಟು ಬೇಸಿಗೆಯಿಂದ ನಾವು ಎಸಿಯ ಪಕ್ಕದಲ್ಲೇ 85-90 ಡಿಗ್ರಿಯ ನೀರು ಹರಿಸಿಕೊಂಡು ಓಡಾಡಿದ್ದೆವೋ! ಕ್ಲಿಪ್ ಬಿಚ್ಚಿ, ಕಾಕನ್ನು ಕೈಯಿಂದ ಪೂರ್ತಿ ಮುಚ್ಚಿ, ನಾಬನ್ನು ನೀಲಿ ತುದಿಯಲ್ಲಿಟ್ಟು, ಕೇಬಲ್ ಬಿಗಿ ಹಿಡಿದು ಕ್ಲಿಪ್ ಹಾಕಿದೆ. ಕಾಕ್ ಒಳಗೂ ಸ್ವಲ್ಪ ಸೋರುತ್ತಿತ್ತು, ಅದನ್ನು ಮುಂದಿನ ವಾರ ಹೊಸದು ಹಾಕಿದೆ. ಹೋಸ್ ಬಿಚ್ಚುವ ಕೆಲಸವನ್ನು ಇಂಜಿನ್ ಪೂರ್ತಿ ಆರಿದ ಮೇಲೆ ಬೆಳಗ್ಗೆಯೇ ಮಾಡಬೇಕು, ಸೋರಿದಷ್ಟು ಕೂಲಂಟ್ ಮತ್ತೆ ತುಂಬಬೇಕು. ಅಳತೆ: ನಿಂತಾಗ 15, ಓಡುವಾಗ 9.

ಅದೇ ಹೊತ್ತಿಗೆ ಎಡಗಡೆಯ ಡ್ಯಾಶ್‌ಬೋರ್ಡ್ ಡಬ್ಬಿ ಬಿಚ್ಚಿ ಬ್ಲೋವರ್ ಇಳಿಸಿ ನೋಡಿದೆ. ನಮ್ಮ ಗಾಡಿಗೆ ಕ್ಯಾಬಿನ್ ಫಿಲ್ಟರ್ ಇಲ್ಲ, ಹಾಗಾಗಿ ಕೂಲಿಂಗ್ ಕಾಯಿಲ್ ಮುಖದ ಮೇಲೂ ತೆಳುವಾಗಿ ಧೂಳು ಇತ್ತು. ಬ್ರಷ್ಷಿನಿಂದ ತೆಗೆದೆ. ಹೊರಗಾಳಿ ಮುಚ್ಚುವ ಪರದೆಯ ಅಂಚಿನ ಫೋಮ್ ಪುಡಿಪುಡಿಯಾಗಿತ್ತು, ಹೊಸ ಪಟ್ಟಿ ಅಂಟಿಸಿದೆ. ಒಳಗಿನ 28-30 ಡಿಗ್ರಿ ಗಾಳಿಯನ್ನು ತಣಿಸುವುದು ಬೇರೆ, ಹೊರಗಿನ 41ರದ್ದನ್ನು ತಣಿಸುವುದು ಬೇರೆ. ಅಂಕಿಯಲ್ಲಿ ದೊಡ್ಡ ಬದಲಾವಣೆ ಕಾಣದಿದ್ದರೂ ಗಾಳಿಯ ರಭಸ ಹೆಚ್ಚಿತು.

ಇನ್ನೊಂದು ಪ್ರಯತ್ನ ಫಲ ಕೊಡಲಿಲ್ಲ. ಕಾಯಿಲ್‌ನಿಂದ ಗ್ಯಾಸನ್ನು ಒತ್ತುವ ಪಂಪಿಗೆ, ಅಂದರೆ ಕಂಪ್ರೆಸರಿಗೆ, ಮರಳುವ ದಪ್ಪ ಪೈಪಿಗೆ ಕಪ್ಪು ಫೋಮ್ ಕೊಳವೆ ಸುತ್ತಿದರೆ ತಂಪು ಜಾಸ್ತಿ ಆಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಸುತ್ತಿದೆ. ಎರಡು ದಿನ ಅಳೆದೆ. ಅರ್ಧ ಡಿಗ್ರಿಯೂ ಬದಲಾಗಲಿಲ್ಲ.

ಗ್ಯಾಸ್ ವಿಷಯಕ್ಕೆ ಕೊನೆಗೆ ಬಂದೆ. ಕಾಕಾ ಹೇಳಿದಂತೆ ತೂಕದ ಮಿಷನ್ ಇರುವ ಕಡೆಗೆ ಹೋದೆವು. ಬಾನೆಟ್ ಒಳಗಿನ ಸ್ಟಿಕರ್ ಒರೆಸಿ ನೋಡಿದರೆ 550 ಗ್ರಾಂ ಅಂತ ಇತ್ತು. ಮಿಷನ್ ನಮ್ಮ ಗಾಡಿಯಿಂದ ಹೊರಗೆಳೆದಿದ್ದು 710 ಗ್ರಾಂ! ಎರಡು ಸಲ "ಸ್ವಲ್ಪ" ಹಾಕಿಸಿದ್ದರ ಲೆಕ್ಕ ಅದು. ಜಾಸ್ತಿ ಗ್ಯಾಸ್ ಇದ್ದರೆ ಕಂಡೆನ್ಸರಿನ ಕೆಳಭಾಗದಲ್ಲಿ ದ್ರವ ನಿಂತುಬಿಡುತ್ತದೆ, ಬಿಸಿ ಚೆಲ್ಲಲು ಉಳಿಯುವ ಜಾಗ ಕಮ್ಮಿಯಾಗುತ್ತದೆ, ಒತ್ತಡ ಏರುತ್ತದೆ. ಗ್ಯಾಸಿನೊಳಗಿನ ತೇವ ಹೀರುವ ಡ್ರೈಯರ್ ಮತ್ತು ಅದರ ಓ-ರಿಂಗುಗಳನ್ನು (ಸೋರದಂತೆ ತಡೆಯುವ ರಬ್ಬರ್ ಬಳೆ) ಬದಲಿಸಿದರು. 45 ನಿಮಿಷ ವ್ಯಾಕ್ಯೂಮ್ ಎಳೆದು, ಇನ್ನರ್ಧ ಗಂಟೆ ಮುಳ್ಳು ಅಲ್ಲಾಡುತ್ತದೆಯಾ ಅಂತ ನೋಡಿ, ಆಮೇಲೆ ತೂಗಿ 550 ಹಾಕಿದರು. ಈ ಭಾಗವನ್ನು ಮನೆಯಲ್ಲಿ ಮಾಡಬೇಡಿ ಅಂತಲೇ ನಾನು ಹೇಳುವುದು. ಈ ದ್ರವ ಹೊರಗೆ ಬಂದರೆ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ, ಚರ್ಮಕ್ಕೋ ಕಣ್ಣಿಗೋ ತಗುಲಿದರೆ ಸುಟ್ಟ ಹಾಗೇ. ಗಾಳಿಗೆ ಬಿಟ್ಟರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ನಿಂತಾಗ 13, ಓಡುವಾಗ 7.5 ಆಯಿತು.

ಉಳಿದಿದ್ದು ನಿಂತಾಗಿನ ಗಾಳಿ. ನಮ್ಮದು ಬೆಲ್ಟಿನಿಂದ ತಿರುಗುವ ಫ್ಯಾನ್. ಇಂಜಿನ್ ಬಿಸಿಯಾದಾಗ ಅದನ್ನು ಬಿಗಿಯಾಗಿ ಹಿಡಿಯುವ ಕ್ಲಚ್ ಸರಿ ಇತ್ತು. ಬಿಸಿ ಇಂಜಿನ್ ಆಫ್ ಮಾಡಿ ಕೈಯಿಂದ ತಿರುಗಿಸಿದರೆ ಬಿಗಿಯಾಗಿ ತಡೆಯುತ್ತಿತ್ತು. ಆದರೆ 750 ಆರ್‌ಪಿಎಮ್‌ನಲ್ಲಿ ನಿಂತ ಇಂಜಿನ್ ಆ ಫ್ಯಾನನ್ನು ಎಷ್ಟು ತಾನೇ ತಿರುಗಿಸೀತು? ಅದಕ್ಕೇ ಕಂಡೆನ್ಸರಿನ ಮುಂದೆ 12 ಇಂಚಿನ ಎಲೆಕ್ಟ್ರಿಕ್ ಫ್ಯಾನ್ ಹಾಕಲು ಹೊರಟೆ. ಫಿನ್ನುಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುವವರಿದ್ದಾರೆ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಅದು ಫಿನ್ನನ್ನೂ ಪೈಪನ್ನೂ ಸವೆಸುತ್ತದೆ. ನಾನು ಎರಡು ಕಬ್ಬಿಣದ ಪಟ್ಟಿ ಕೊಯ್ಯಿಸಿ ಮೇಲಿನ ಚೌಕಟ್ಟಿಗೂ ಕೆಳಗಿನ ಅಡ್ಡಪಟ್ಟಿಗೂ ಬೋಲ್ಟ್ ಮಾಡಿ ಅದಕ್ಕೆ ಫ್ಯಾನ್ ಕೂರಿಸಿದೆ. ಪಟ್ಟಿಯ ತೂತು ಕೊರೆಯುವಾಗ ಕಂಡೆನ್ಸರಿಗೆ ಅಡ್ಡವಾಗಿ ಹಲಗೆ ಇಟ್ಟುಕೊಂಡಿದ್ದೆ. ಡ್ರಿಲ್ ಒಂದು ಸಲ ಜಾರಿದರೆ ಸಾವಿರಾರು ರೂಪಾಯಿ ಹೋದಂತೆ.

ವೈರಿಂಗ್ ಸುಲಭ. ನಾಲ್ಕು ಕಾಲಿನ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್. ಕೆಳಗಿನ 30, 87, 85, 86 ಅದರ ಕಾಲುಗಳ ನಂಬರ್. 30ಕ್ಕೆ ಬ್ಯಾಟರಿಯ ಪ್ಲಸ್, ನಡುವೆ ಬ್ಯಾಟರಿ ಹತ್ತಿರವೇ 15 ಆಂಪಿಯರ್ ಫ್ಯೂಸ್. 87ರಿಂದ ಫ್ಯಾನಿಗೆ. 85 ಬಾಡಿಗೆ ಅರ್ಥ್. 86ಕ್ಕೆ ಕಂಪ್ರೆಸರಿನ ಮ್ಯಾಗ್ನೆಟ್ ಕ್ಲಚ್ಚಿಗೆ ಹೋಗುವ ವೈರಿನಿಂದ ಒಂದು ಕವಲು. ಕಂಪ್ರೆಸರ್ ಹಿಡಿದಾಗ ಫ್ಯಾನ್ ತಿರುಗುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಹೊಸ ಸ್ವಿಚ್ ಬೇಡ, ಮರೆಯುವ ಮಾತೂ ಇಲ್ಲ. ಚಾಲೂ ಮಾಡಿ ಗ್ರಿಲ್ ಎದುರು ಒಂದು ಹಾಳೆ ಹಿಡಿದೆ. ಹಾಳೆ ಒಳಕ್ಕೆ ಎಳೆದುಕೊಂಡು ಜಾಲರಿಗೆ ಅಂಟಬೇಕು. ನನ್ನದು ಮೊದಲ ಸಲ ಹೊರಕ್ಕೆ ಹಾರಿತು, ಫ್ಯಾನಿನ ಎರಡು ವೈರು ಅದಲುಬದಲಾಗಿದ್ದವು. ತಿರುಗಿಸಿ ಕೊಟ್ಟ ಮೇಲೆ ಹಾಳೆ ಗಟ್ಟಿಯಾಗಿ ಅಂಟಿಕೊಂಡಿತು.

ಕಂಡೆನ್ಸರಿನ ಎರಡು ಬದಿ ಮತ್ತು ಮೇಲಿನ ಸಂದಿಗೆ ದಪ್ಪ ಫೋಮ್ ಪಟ್ಟಿ ತುಂಬಿದೆ. ಇಲ್ಲದಿದ್ದರೆ ನಿಂತ ಗಾಡಿಯಲ್ಲಿ ಇಂಜಿನ್ನಿನ ಬಿಸಿಗಾಳಿ ಸಂದಿಯಿಂದ ಮುಂದೆ ಬಂದು ಮತ್ತೆ ಅದೇ ಕಂಡೆನ್ಸರಿಗೆ ನುಗ್ಗುತ್ತದೆ. ಈ ಫೋಮ್ ಒಂದರಿಂದಲೇ ನಿಂತಾಗ 1 ಡಿಗ್ರಿ ಇಳಿಯಿತು. ಇಷ್ಟು ಅಗ್ಗದ ಸಾಮಾನಿಗೆ ಅದು ದೊಡ್ಡ ಮಾತು.

ಮೇ ತಿಂಗಳ ಕೊನೆಯ ಅಳತೆ, ಹೊರಗೆ ಮತ್ತೆ 41: ನಿಂತಾಗ 10.5, ಓಡುವಾಗ 7. ಕೆಳಗಿನ ಒತ್ತಡ 36, ಮೇಲಿನದು 235. ಕರಾವಳಿಯವರು ಈ ಅಂಕಿಯನ್ನು ತಮ್ಮ ಗಾಡಿಗೆ ನೇರವಾಗಿ ಹೋಲಿಸಬಾರದು. ನಮ್ಮದು ಒಣ ಬಿಸಿಲು. ಮಂಗಳೂರಿನಲ್ಲಿ 33 ಡಿಗ್ರಿ ಇದ್ದರೂ ಎಸಿಯ ಶಕ್ತಿಯ ಒಳ್ಳೆಯ ಪಾಲು ಗಾಳಿಯ ತೇವವನ್ನು ನೀರು ಮಾಡುವುದಕ್ಕೇ ಹೋಗುತ್ತದೆ.

ಮೊನ್ನೆ ರಾಯಚೂರಿಗೆ ಹೋಗುವಾಗ ಥರ್ಮಾಮೀಟರಿನ ಸೆನ್ಸರನ್ನು ಹಿಂದಿನ ಸೀಟಿಗೆ, ಅವ್ವ ಕೂರುವ ಜಾಗಕ್ಕೆ ಕಟ್ಟಿದೆ. ಅರ್ಧ ಗಂಟೆ ಓಡಿದ ಮೇಲೆ ಮುಂದೆ 25 ಇದ್ದಾಗ ಅಲ್ಲಿ 30. ಹಿಂದಕ್ಕೆ ಕಿಂಡಿಯೇ ಇಲ್ಲ. ಮೇಲಿನ ತಗಡಿನಿಂದ ಬಿಸಿ ಇಳಿಯುತ್ತದೆ. ಮುಂದಿನ ಭಾನುವಾರ ಚಾವಣಿಯ ಬಟ್ಟೆ ಬಿಚ್ಚಿ ತಗಡಿಗೆ ಫೋಮ್ ಶೀಟ್ ಅಂಟಿಸುವುದು, ಎರಡು ಸೀಟಿನ ನಡುವೆ ಚಿಕ್ಕ 12 ವೋಲ್ಟ್ ಫ್ಯಾನ್ ಇಟ್ಟು ಮುಂದಿನ ಗಾಳಿಯನ್ನು ಹಿಂದಕ್ಕೆ ದೂಡುವುದು. ಶೀಟ್ ತಂದಿಟ್ಟಿದ್ದೇನೆ. ಕಾಕಾ ಬರುತ್ತೇನೆ ಅಂದಿದ್ದಾರೆ.